ಕಥೆ ತಿರುಗುವ ಕಡೆ ಅವಳಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಧಾರಾವಾಹಿಗೆ, ಕಾದಂಬರಿ ಸ್ಪರ್ಧೆಗೆ ಹಸ್ತಪ್ರತಿ ಕರೆಯುವಾಗ ‘ಗಟ್ಟಿ ಹೆಣ್ಣುಪಾತ್ರವಿರುವ ಕಥೆಗಳಿಗೆ ಆದ್ಯತೆ’ ಎಂದು ಒಂದು ಸಾಲು ಸೇರಿಸುವುದು ಈಗ ರೂಢಿ. ಸಾಲು ಒಳ್ಳೆಯದೇ. ಆದರೆ ಅದನ್ನು ಓದಿಕೊಂಡು ಬರೆದ ಹಸ್ತಪ್ರತಿಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿರುತ್ತವೆ. ಮೊದಲ ಅಧ್ಯಾಯದಲ್ಲಿ ನಾಯಕಿ ಬಸ್ ಸ್ಟ್ಯಾಂಡಿನಲ್ಲಿ ಪೋಲಿ ಹುಡುಗನ ಕೆನ್ನೆಗೆ ಬಾರಿಸುತ್ತಾಳೆ. ಎರಡನೆಯದರಲ್ಲಿ ಬುಲೆಟ್ ಓಡಿಸುತ್ತಾಳೆ. ಆರನೆಯದರ ಹೊತ್ತಿಗೆ ಅವಳ ಮದುವೆ ಗೊತ್ತಾಗಿರುತ್ತದೆ. ಗೊತ್ತು ಮಾಡಿದವರು ಬೇರೆಯವರು. ಹತ್ತನೆಯದರಲ್ಲಿ ಅವಳನ್ನು ಯಾರೋ ಕೂಡಿಹಾಕುತ್ತಾರೆ, ಇನ್ಯಾರೋ ಬಂದು ಬಿಡಿಸುತ್ತಾರೆ. ಕೊನೆಯಲ್ಲಿ ಹೆಣ್ಣಿನ ಸ್ವಾತಂತ್ರ್ಯದ ಮೇಲೆ ಒಂದೂವರೆ ಪುಟದ ಭಾಷಣ. ಬಾರಿಸಿದ ಕೈ ಮತ್ತೆ ಎಲ್ಲೂ ಕಾಣಿಸಿಕೊಳ್ಳುವುದಿಲ್ಲ.

ಹಸ್ತಪ್ರತಿ ತಿದ್ದುವ ಕೆಲಸದಲ್ಲಿರುವ ನಾವು ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯಬೇಕೆಂದುಕೊಂಡೆವು. ಬರೆಯುವವರಿಗೂ ಆಯ್ಕೆ ಮಾಡುವ ನಿಮಗೂ ಇದರಿಂದ ಉಪಯೋಗವಾದೀತು ಎಂಬ ನಂಬಿಕೆಯಿದೆ.

ನಾಯಕಿ ಗಟ್ಟಿಯೋ ಅಲ್ಲವೋ ಎಂದು ನೋಡಲು ನಾವು ಮೊದಲು ಮಾಡುವ ಕೆಲಸ ಹೀಗಿದೆ. ಒಂದು ಹಾಳೆಯಲ್ಲಿ ಅಧ್ಯಾಯಗಳನ್ನು ಸಾಲಾಗಿ ಬರೆದುಕೊಳ್ಳುವುದು. ಪ್ರತಿ ಅಧ್ಯಾಯದ ಮುಂದೆ ಒಂದೇ ವಾಕ್ಯ: ಇಲ್ಲಿ ಏನು ಬದಲಾಯಿತು, ಬದಲಾಯಿಸಿದವರು ಯಾರು. 20 ಕಂತಿನ ಧಾರಾವಾಹಿಯಾದರೆ 20 ವಾಕ್ಯ. ಆಮೇಲೆ ಬದಲಾಯಿಸಿದವರ ಹೆಸರಿಗೆ ಕೆಂಪು ಪೆನ್ಸಿಲಿನಲ್ಲಿ ಅಡಿಗೆರೆ ಎಳೆಯುವುದು. ಅಪ್ಪ, ಗಂಡ, ಅಣ್ಣ, ಖಳನಾಯಕ, ಅಪಘಾತ, ಅನಾಮಧೇಯ ಫೋನು, ಇಷ್ಟಕ್ಕೇ ಗೆರೆ ಬಿದ್ದು ನಾಯಕಿಯ ಹೆಸರು ಒಂದೋ ಎರಡೋ ಕಡೆ ಮಾತ್ರ ಸಿಕ್ಕರೆ ಅವಳು ಕರಾಟೆ ಕಲಿತಿದ್ದರೂ ಅಷ್ಟೆ, ಐಎಎಸ್ ಪಾಸು ಮಾಡಿದ್ದರೂ ಅಷ್ಟೆ. ಕಥೆ ಅವಳ ಸುತ್ತ ನಡೆಯುತ್ತಿದೆ, ಅವಳು ನಡೆಸುತ್ತಿಲ್ಲ. ಇಪ್ಪತ್ತರಲ್ಲಿ ಆರೇಳು ಕಡೆ ಅವಳ ಹೆಸರಿದ್ದರೂ ಸಾಕು; ಆದರೆ ಕಥೆ ಹೊರಳುವ ಎರಡು ಮೂರು ಜಾಗಗಳಲ್ಲಿ ಅವಳಿರಲೇಬೇಕು.

ಇದು ಬರಹಗಾರರ ಅಸಡ್ಡೆಯಿಂದಲೇ ಆಗುವ ತಪ್ಪಲ್ಲ. ಧಾರಾವಾಹಿಯ ಕಟ್ಟೇ ಅದಕ್ಕೆ ದಾರಿ ಮಾಡಿಕೊಡುತ್ತದೆ. ‘ಮುಂದುವರಿಯುವುದು’ ಎಂದು ಹಾಕುವ ಮೊದಲು ಓದುಗರನ್ನು ಇನ್ನೊಂದು ವಾರ ಹಿಡಿದಿಡಬೇಕು. ಕೈಗೆ ಸುಲಭವಾಗಿ ಸಿಗುವ ಉಪಾಯವೆಂದರೆ ನಾಯಕಿಗೆ ಏನಾದರೂ ಆಗುವಂತೆ ಮಾಡುವುದು. ಬಾಗಿಲು ಬಡಿದ ಸದ್ದು, ತೆರೆದರೆ ಎದುರಿಗೆ... ಮುಂದುವರಿಯುವುದು. ಇಪ್ಪತ್ತು ವಾರ ಹೀಗೆ ನಡೆದರೆ ಬಾಗಿಲು ತೆರೆಯುವುದೊಂದೇ ಅವಳಿಗೆ ಉಳಿಯುವ ಕೆಲಸ. ಇದನ್ನು ಸರಿಪಡಿಸುವುದು ಕಷ್ಟವಲ್ಲ. ಬಾಗಿಲ ಆಚೆ ಯಾರಿದ್ದಾರೆ ಎಂಬುದು ಅವಳಿಗೂ ಗೊತ್ತಿರಲಿ, ಓದುಗರಿಗೂ ಗೊತ್ತಿರಲಿ. ಅವಳು ತೆರೆಯುತ್ತಾಳೋ ಇಲ್ಲವೋ ಎಂಬಲ್ಲಿ ಕಂತು ನಿಲ್ಲಲಿ. ಕುತೂಹಲ ಒಂದಿಷ್ಟೂ ಕಡಿಮೆಯಾಗುವುದಿಲ್ಲ, ತೀರ್ಮಾನ ಮಾತ್ರ ಅವಳ ಕೈಗೆ ಬರುತ್ತದೆ.

ಜನಪ್ರಿಯ ಕಾದಂಬರಿಗೆ ಇದೆಲ್ಲ ಭಾರವಾಗುತ್ತದೆ ಎಂದು ಹೇಳುವವರಿದ್ದಾರೆ. ಕನ್ನಡದ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ಮಂಗಳೂರಿನಲ್ಲಿ 1899ರಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಲ್ಲೇ ಎಳೆ ವಯಸ್ಸಿನ ವಿಧವೆಯೊಬ್ಬಳು ಓದು ಕಲಿತು ಮರುಮದುವೆಯಾಗುತ್ತಾಳೆ. ನಮ್ಮ ಸಾಮಾಜಿಕ ಕಾದಂಬರಿ ಶುರುವಾದದ್ದೇ ಅಲ್ಲಿಂದ. ಇನ್ನು ತ್ರಿವೇಣಿಯವರನ್ನು ಓದದ ಮನೆ ಒಂದು ಕಾಲದಲ್ಲಿ ಇತ್ತೇ? ಅವರ ‘ಬೆಳ್ಳಿ ಮೋಡ’ವನ್ನು ಇಲ್ಲಿ ಸ್ವಲ್ಪ ಬಿಚ್ಚಿ ನೋಡಬೇಕು. 1967ರಲ್ಲಿ ಸಿನಿಮಾ ಆದಮೇಲಂತೂ ಕಥೆ ಎಲ್ಲರಿಗೂ ಪರಿಚಿತ. ಇಂದಿರಾ ಎಸ್ಟೇಟಿನ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಬೇಕಾದ ಮೋಹನ ಅವಳ ಅಪ್ಪನ ಹಣದಲ್ಲೇ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿ ಇನ್ನು ಇವಳದಲ್ಲ ಎಂದು ಗೊತ್ತಾದಾಗ ಮೋಹನ ಮದುವೆಗೆ ಹಿಂದೇಟು ಹಾಕುತ್ತಾನೆ. ಮುಂದೆ ಬಿದ್ದು ಕಾಲು ಮುರಿದುಕೊಂಡ ಅವನಿಗೆ ಆರೈಕೆ ಮಾಡುವವಳು ಅದೇ ಇಂದಿರಾ. ಅವನು ಪಶ್ಚಾತ್ತಾಪ ಪಡುತ್ತಾನೆ, ಮದುವೆಯಾಗೋಣ ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ.

ಈ ‘ಒಲ್ಲೆ’ ಇಷ್ಟು ವರ್ಷ ನೆನಪಿನಲ್ಲಿ ಉಳಿದಿರುವುದು ಸುಮ್ಮನೆ ಅಲ್ಲ. ಅದರ ಹಿಂದಿನ ಕಟ್ಟಡವನ್ನು ಗಮನಿಸಿ. ಮೋಹನ ಕೊನೆಯವರೆಗೂ ದುಷ್ಟನಾಗಿಯೇ ಇದ್ದಿದ್ದರೆ ಅವನನ್ನು ಬೇಡವೆನ್ನಲು ಯಾವ ಗಟ್ಟಿತನವೂ ಬೇಕಿರಲಿಲ್ಲ, ಯಾರಾದರೂ ಬೇಡವೆನ್ನುತ್ತಿದ್ದರು. ಅವನು ನಿಜವಾಗಿ ಬದಲಾಗಿದ್ದಾನೆ, ಅವಳಿಗೆ ಒಮ್ಮೆ ಬೇಕಾಗಿದ್ದದ್ದು ಈಗ ಕೈಗೆ ಸಿಗುವಷ್ಟು ಹತ್ತಿರ ಬಂದು ನಿಂತಿದೆ. ಒಪ್ಪಿದರೆ ಊರೆಲ್ಲ ಮೆಚ್ಚುತ್ತದೆ. ಎರಡನೆಯದಾಗಿ, ಅವಳು ಅವನ ಸೇವೆ ಮಾಡಿದ್ದಾಳೆ. ಹಾಗಾಗಿ ನಿರಾಕರಣೆ ದ್ವೇಷದಿಂದ ಬಂದದ್ದಲ್ಲ ಎಂಬುದಕ್ಕೆ ಓದುಗರ ಬಳಿ ಹತ್ತಾರು ಪುಟದ ಸಾಕ್ಷಿಯಿದೆ. ಮೂರನೆಯದಾಗಿ, ಅದಕ್ಕೆ ಬೆಲೆಯಿದೆ, ಆ ಬೆಲೆ ತೆರುವವಳು ಅವಳೇ. ಈ ಮೂರರಲ್ಲಿ ಯಾವೊಂದನ್ನು ತೆಗೆದರೂ ಆ ಮುಕ್ತಾಯ ಕುಸಿಯುತ್ತದೆ. ಹೊಸ ಹಸ್ತಪ್ರತಿಗಳಲ್ಲಿ ನಾಯಕಿ ‘ಒಲ್ಲೆ’ ಎನ್ನುವ ಜಾಗ ಪೇಲವವಾಗಿದ್ದರೆ ಕಾರಣ ಹೆಚ್ಚಾಗಿ ಇದೇ: ಒಪ್ಪಿಕೊಳ್ಳುವ ದಾರಿಯನ್ನು ಲೇಖಕರು ಮೊದಲೇ ಮುಚ್ಚಿಬಿಟ್ಟಿರುತ್ತಾರೆ.

ಸಾಹಸದ ದೃಶ್ಯಗಳಿಗೂ ಇದೇ ಲೆಕ್ಕ. ಚಾರಿತ್ರಿಕ ಕಾದಂಬರಿ ಬರೆಯುವವರು ಓಬವ್ವನ ಹೆಸರನ್ನು ಬಾಯಿ ತುಂಬ ಹೇಳುತ್ತಾರೆ, ಆದರೆ ಅವಳ ಕಥೆಯ ಜೋಡಣೆಯನ್ನು ನೋಡುವುದಿಲ್ಲ. ಚಿತ್ರದುರ್ಗದ ಕೋಟೆಗೆ ಹೈದರಾಲಿಯ ಸೈನ್ಯ ಮುತ್ತಿಗೆ ಹಾಕಿದೆ. ಕಾವಲಿನ ಗಂಡ ಊಟಕ್ಕೆಂದು ಮನೆಗೆ ಬಂದಿದ್ದಾನೆ. ನೀರು ತರಲು ಹೋದ ಓಬವ್ವ ಬಂಡೆಗಳ ನಡುವಿನ ಕಿಂಡಿಯಲ್ಲಿ ಶತ್ರುಗಳು ನುಸುಳುವುದನ್ನು ಕಾಣುತ್ತಾಳೆ. ಉಣ್ಣುವವನನ್ನು ಎಬ್ಬಿಸದೆ ಕೈಗೆ ಸಿಕ್ಕ ಒನಕೆ ಹಿಡಿಯುತ್ತಾಳೆ. ಕಿಂಡಿಯಲ್ಲಿ ಒಂದು ಸಲಕ್ಕೆ ಒಬ್ಬನೇ ತೂರಬಲ್ಲ, ಅದೂ ತಲೆ ಮುಂದೆ ಮಾಡಿ. ಒನಕೆ ಅವಳು ದಿನವೂ ಎತ್ತಿ ಕುಟ್ಟುವ ಸಾಧನ, ಅದರ ತೂಕ ಅವಳ ತೋಳಿಗೆ ಗೊತ್ತು. ಬಿದ್ದವನನ್ನು ಬದಿಗೆಳೆದರೆ ಮುಂದಿನವನಿಗೆ ಅನುಮಾನ ಬರುವುದಿಲ್ಲ. ಒಬ್ಬಳೇ ಹೆಂಗಸು ಅಷ್ಟು ಜನರನ್ನು ಹೇಗೆ ತಡೆದಳು ಎಂಬ ಪ್ರಶ್ನೆಗೆ ಜಾಗ, ಸಾಧನ, ರೂಢಿ ಮೂರೂ ಉತ್ತರ ಕೊಡುತ್ತವೆ. ಅದೇ ಒನಕೆಯನ್ನು ಬಿಡಿಸಿ ಅವಳ ಕೈಗೆ ಕತ್ತಿ ಕೊಟ್ಟು ಬಯಲಿನಲ್ಲಿ ಹತ್ತು ಜನರ ನಡುವೆ ನಿಲ್ಲಿಸಿ, ಕಥೆ ಸುಳ್ಳಾಗುತ್ತದೆ. ನಿಮ್ಮ ನಾಯಕಿ ಹೊಡೆದಾಡುವುದಾದರೆ ಹೊಡೆದಾಡಲಿ. ಅವಳ ಕೈ ಯಾವ ಕೆಲಸದಲ್ಲಿ ಪಳಗಿದೆ, ನಿಂತ ಜಾಗ ಯಾರಿಗೆ ಅನುಕೂಲ ಎಂಬೆರಡನ್ನು ಹತ್ತು ಪುಟ ಮೊದಲೇ ಓದುಗರ ಕಣ್ಣಿಗೆ ಬೀಳಿಸಿರಬೇಕು.

ಕೆಲಸದ ಮಾತು ಬಂತಲ್ಲ, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಕೊರತೆ ಅದೇ. ಕಾದಂಬರಿಯ ಗಂಡಸಿಗೆ ಎಸ್ಟೇಟೋ ಫ್ಯಾಕ್ಟರಿಯೋ ಇರುತ್ತದೆ. ನಾಯಕಿ ‘ಒಂದು ಕಂಪನಿಯಲ್ಲಿ’ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಹೋಗುತ್ತಾಳೆ, ಸಂಜೆ ಬರುತ್ತಾಳೆ, ನಡುವೆ ಏನು ಮಾಡಿದಳೋ ಲೇಖಕರಿಗೂ ಗೊತ್ತಿಲ್ಲ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ದ ನಂಜಮ್ಮನನ್ನು ನೋಡಿ. ಅವಳು ಯಾರ ಕೆನ್ನೆಗೂ ಹೊಡೆಯುವುದಿಲ್ಲ. ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ, ಲೆಕ್ಕ ಬರೆಯಲು ಬಾರದು. ಅವಳು ಆ ಕೆಲಸ ಕಲಿತು ಗೆರೆ ಎಳೆದು ಲೆಕ್ಕ ಬರೆದು ಮನೆ ನಡೆಸುತ್ತಾಳೆ. ಕೆಲಸ ಅವಳದು, ಹೆಸರು ಅವನದು. ಇಡೀ ಕಾದಂಬರಿಯ ಬಿಗಿ ಹುಟ್ಟುವುದು ಈ ಒಂದು ವಿವರದಿಂದ. ಅವಳಿಗೆ ಎಷ್ಟು ತಿಳಿದಿದೆ, ಎಷ್ಟು ಅಧಿಕಾರವಿಲ್ಲ ಎಂಬುದನ್ನು ಯಾವ ಭಾಷಣವೂ ಇಲ್ಲದೆ ಓದುಗರು ಕಾಣುತ್ತಾರೆ. ಪ್ಲೇಗು ಅವಳ ಮನೆಯನ್ನು ಬರಿದು ಮಾಡಿ ಕೊನೆಗೆ ಅವಳನ್ನೂ ಕೊಂಡೊಯ್ಯುತ್ತದೆ. ಅಷ್ಟಾದರೂ ಅವಳನ್ನು ಸೋತವಳೆಂದು ಓದಿದವರು ಯಾರೂ ನೆನೆಯುವುದಿಲ್ಲ.

ಈಗಿನ ಕಾಲದ ನಾಯಕಿಗೂ ಹೀಗೆ ಒಂದು ನಿಜವಾದ ಕೆಲಸ ಕೊಡಿ. ಅವಳು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುವವಳು ಎಂದುಕೊಳ್ಳೋಣ. ಅವಳು ಟೈಲರೋ ಹೆಲ್ಪರೋ, ಲೈನಿನಲ್ಲಿ ಕಾಲರ್ ಕೂರಿಸುವವಳೋ ಗುಂಡಿ ಹಾಕುವವಳೋ, ಗಂಟೆಗೆ ಎಷ್ಟು ಪೀಸಿನ ಟಾರ್ಗೆಟ್ ಇದೆ, ಅದು ಮುಟ್ಟದಿದ್ದರೆ ಸೂಪರ್‌ವೈಸರ್ ಯಾವ ಮಾತಿನಲ್ಲಿ ಬೈಯುತ್ತಾನೆ, ಮೂತ್ರಕ್ಕೆ ಎದ್ದು ಹೋದರೆ ಅವಳ ಮುಂದೆ ಎಷ್ಟು ಪೀಸು ಗುಡ್ಡೆ ಬೀಳುತ್ತದೆ, ಇಷ್ಟನ್ನು ತಿಳಿದುಕೊಳ್ಳದೆ ಬರೆಯಬೇಡಿ. ಯಾಕೆಂದರೆ ಅವಳ ಗಟ್ಟಿತನ ಕಾಣಿಸಿಕೊಳ್ಳುವುದು ಇಲ್ಲೇ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದರು. ಕಾರಣ ಪಿಎಫ್. ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ. ಮಗಳ ಫೀಸಿಗೆ, ಮನೆಯ ಸಾಲಕ್ಕೆ, ಕೆಲಸ ಬಿಟ್ಟ ತಿಂಗಳಿನ ಅಕ್ಕಿಗೆ ಆ ಹಣವೇ ಗತಿ ಎಂದು ಲೆಕ್ಕ ಹಾಕಿಕೊಂಡವರು ಅವರು. ಯಾವ ದೊಡ್ಡ ನಾಯಕರ ಕರೆಗೂ ಕಾದವರಲ್ಲ. 19ರಂದೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಇಂಥ ಹೆಣ್ಣಿನ ಕಥೆ ಬರೆಯಲು ಕೂತವರು ಅವಳ ಕೈಗೆ ಮೈಕು ಕೊಡುವ ಮೊದಲು ಪಿಎಫ್ ಚೀಟಿ ಕೊಡಲಿ. ತಿಂಗಳ ಸಂಬಳದಲ್ಲಿ ಎಷ್ಟು ಹಿಡಿಯುತ್ತಾರೆ ಎಂದು ಗೊತ್ತಿರುವವಳು ಮಾತಾಡುವ ರೀತಿಯೇ ಬೇರೆ.

ಇನ್ನು ಭಾಷೆ. ಇಲ್ಲಿ ಕನ್ನಡದಲ್ಲೇ ಒಂದು ಬಲೆಯಿದೆ, ಅನುಭವಿಗಳೂ ಅದಕ್ಕೆ ಸಿಕ್ಕಿಬೀಳುತ್ತಾರೆ. ನಮ್ಮಲ್ಲಿ ಮನಸ್ಸಿನ ವ್ಯಾಪಾರಗಳು ಹೆಚ್ಚಾಗಿ ಚತುರ್ಥಿ ವಿಭಕ್ತಿಯಲ್ಲಿ ಬರುತ್ತವೆ: ಅವಳಿಗೆ ಬೇಸರವಾಯಿತು, ಅವಳಿಗೆ ಸಿಟ್ಟು ಬಂತು, ಅವಳಿಗೆ ಹಾಗನ್ನಿಸಿತು. ಇದು ಸಹಜ ಕನ್ನಡವೇ. ಆದರೆ ನಾಯಕ ಎದ್ದ, ಹೋದ, ಕೇಳಿದ, ಹರಿದು ಹಾಕಿದ; ನಾಯಕಿಗೆ ಮಾತ್ರ ಆಯಿತು, ಬಂತು, ಅನ್ನಿಸಿತು ಎಂದು ಪುಟಗಟ್ಟಲೆ ಸಾಗಿದರೆ ಅವಳು ಮಾಡುವವಳಾಗದೆ ಆಗುವುದನ್ನು ಅನುಭವಿಸುವವಳಾಗಿ ಉಳಿಯುತ್ತಾಳೆ. ಉದಾಹರಣೆಗೆ ಇಂಥ ಒಂದು ಭಾಗ:

‘ಗಂಡನ ಮಾತು ಕೇಳಿ ಸುಮಾಳಿಗೆ ತುಂಬ ದುಃಖವಾಯಿತು. ಅವಳಿಗೆ ಅಪ್ಪನ ನೆನಪಾಯಿತು. ಕಣ್ಣಲ್ಲಿ ನೀರು ಬಂತು. ಇನ್ನು ಈ ಮನೆಯಲ್ಲಿ ಇರಬಾರದು ಅನ್ನಿಸಿತು.’

ನಾಲ್ಕು ವಾಕ್ಯ. ನಾಲ್ಕರಲ್ಲೂ ಸುಮಾ ಏನೂ ಮಾಡಿಲ್ಲ. ಮನೆ ಬಿಡುವ ತೀರ್ಮಾನ ಕೂಡ ಅವಳಿಗೆ ‘ಅನ್ನಿಸಿ’ಬಿಟ್ಟಿದೆ. ಇದನ್ನೇ ತಿದ್ದಿದರೆ:

‘ಗಂಡನ ಮಾತು ಮುಗಿಯುವವರೆಗೆ ಸುಮಾ ಸೌಟು ಕೆಳಗಿಡಲಿಲ್ಲ. ಆಮೇಲೆ ಒಲೆ ಆರಿಸಿದಳು. ಬೀರುವಿನ ಮೇಲಿನ ಸೂಟ್‌ಕೇಸ್ ಇಳಿಸಿ ಧೂಳು ಒರೆಸಿದಳು. ಮಗುವಿನ ಅಂಕಪಟ್ಟಿ, ಬ್ಯಾಂಕಿನ ಪಾಸ್‌ಬುಕ್ಕು, ಆಧಾರ್ ಕಾರ್ಡು ಮೊದಲು ಒಳಗಿಟ್ಟಳು. ಸೀರೆಗಳು ಆಮೇಲೆ.’

ದುಃಖ ಎಂಬ ಪದವೇ ಇಲ್ಲ, ದುಃಖ ಮಾತ್ರ ಹೆಚ್ಚಾಗಿದೆ. ಜೊತೆಗೆ ಇವಳು ಮೊದಲೇ ಯೋಚಿಸಿಟ್ಟವಳು ಎಂಬುದು ಕಾಗದಗಳ ಸರದಿಯಿಂದಲೇ ತಿಳಿಯುತ್ತದೆ. ಅಳುವುದನ್ನು ಕತ್ತರಿಸಿ ಎಂದು ನಾವು ಹೇಳುತ್ತಿಲ್ಲ; ಅಳು ದೌರ್ಬಲ್ಯವೂ ಅಲ್ಲ. ‘ಅಳು ಬಂತು’ ಎಂದಿರುವ ಕಡೆ ಒಮ್ಮೊಮ್ಮೆ ‘ಅತ್ತಳು’ ಎಂದು ಬರೆದು ನೋಡಿ. ಒಂದು ಪುಟದಲ್ಲಿ ಅವಳ ಬಗ್ಗೆ ಹತ್ತು ವಾಕ್ಯಗಳಿದ್ದು ಏಳು ‘ಅವಳಿಗೆ’ ಎಂದೇ ಶುರುವಾದರೆ ಮೂರು ನಾಲ್ಕನ್ನಾದರೂ ತಿರುಗಿಸಿ ಕೂರಿಸಬೇಕು.

ಸರ್ವನಾಮವನ್ನೂ ನೋಡಿ. ಒಂದೇ ಪುಟದಲ್ಲಿ ಗಂಡು ಡಾಕ್ಟರು ‘ಬಂದರು’, ಲೇಡಿ ಡಾಕ್ಟರು ‘ಬಂದಳು’. ಮಾವ ‘ಅವರು’, ಅತ್ತೆ ‘ಅವಳು’. ನಿರೂಪಣೆಯ ದನಿಯೇ ಹೀಗೆ ಎತ್ತರ ತಗ್ಗು ಮಾಡಿದಮೇಲೆ ಆ ಲೇಡಿ ಡಾಕ್ಟರ ಬಾಯಲ್ಲಿ ಎಂಥ ಘನವಾದ ಮಾತು ಹಾಕಿದರೂ ತೂಕ ಬರುವುದಿಲ್ಲ. ಇಬ್ಬರನ್ನೂ ಏಕವಚನದಲ್ಲಿ ಬರೆಯಿರಿ, ಇಲ್ಲವೇ ಇಬ್ಬರನ್ನೂ ಬಹುವಚನದಲ್ಲಿ.

ಸಂಭಾಷಣೆಯಲ್ಲಂತೂ ನೀನು, ನೀವು ಎಂಬೆರಡು ಮಾತು ನಮ್ಮ ಬರಹಗಾರರಿಗೆ ಸಿಕ್ಕಿರುವ ದೊಡ್ಡ ಆಸ್ತಿ. ಹಳೇ ಮೈಸೂರಿನ ಕಡೆಯ ಮನೆಯೊಂದರಲ್ಲಿ ಮೂವತ್ತು ವರ್ಷ ‘ರೀ, ನೀವು’ ಎಂದವಳು ಒಂದೇ ಒಂದು ಸಲ ‘ನೀನು’ ಎಂದರೆ ಆ ಕಂತನ್ನು ಅಲ್ಲಿಗೆ ನಿಲ್ಲಿಸಬಹುದು. ಎರಡನೆಯ ಸಲ ಬಳಸಿದರೆ ಅರ್ಧ ಶಕ್ತಿ, ಮೂರನೆಯ ಸಲಕ್ಕೆ ಬರೀ ಜಗಳ. ಇದರ ಉಲ್ಟಾ ಕೂಡ ಇದೆ. ಪ್ರೀತಿಸಿ ಮದುವೆಯಾಗಿ ಇಷ್ಟು ದಿನ ‘ನೀನು, ಕಣೋ’ ಎನ್ನುತ್ತಿದ್ದವಳು ಒಂದು ರಾತ್ರಿ ತಣ್ಣಗೆ ‘ನೀವು ಹೇಳಿದ ಹಾಗೇ ಆಗಲಿ’ ಅಂದರೆ ಕೂಗಾಟಕ್ಕಿಂತ ಅದು ಹೆಚ್ಚು ತಾಗುತ್ತದೆ. ಧಾರವಾಡದ ಕಡೆಯ ಕಥೆಯಾದರೆ ಲೆಕ್ಕ ಬೇರೆ. ಅಲ್ಲಿ ‘ರೀ’ ಎಲ್ಲ ಮಾತಿನ ಬಾಲದಲ್ಲೂ ಬರುವುದರಿಂದ ಅದು ಬಿಟ್ಟುಹೋದ ಕ್ಷಣವೇ ಸಿಟ್ಟಿನ ಗುರುತು. ನಾಯಕಿ ಯಾವ ಸೀಮೆಯವಳು ಎಂದು ತೀರ್ಮಾನಿಸದೆ ಎಲ್ಲರ ಬಾಯಲ್ಲೂ ಪಠ್ಯಪುಸ್ತಕದ ಕನ್ನಡ ಆಡಿಸಿದರೆ ಈ ಯಾವ ಉಪಕರಣವೂ ಕೈಗೆ ಸಿಗುವುದಿಲ್ಲ. ಸಿಟ್ಟಿನಲ್ಲಿ ‘ನಾನು ಇದನ್ನು ಸಹಿಸಲಾರೆ’ ಎಂದು ಯಾವ ಮನೆಯಲ್ಲಿ ಹೇಳುತ್ತಾರೆ?

ಈಗ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಕನ್ನಡದ ಓದುಗರಿಗೆ ಇಷ್ಟು ಪರಿಚಯದ, ಕಾದಂಬರಿಗಳಲ್ಲಿ ಇಷ್ಟು ಕೆಡುವ ದೃಶ್ಯ ಇನ್ನೊಂದಿಲ್ಲ. ಅಪ್ಪ ತೀರಿಕೊಂಡಿದ್ದಾರೆ. ಪಿತ್ರಾರ್ಜಿತ ನಾಲ್ಕು ಎಕರೆ ಮತ್ತು ಒಂದು ಮನೆ. ಅಣ್ಣ ತಂಗಿಯನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆತಂದಿದ್ದಾನೆ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಬೇಕು.

ಮೊದಲು ವರ್ಷ ಗೊತ್ತಿರಬೇಕು. ಇದು ಬಹಳ ಜನ ತಪ್ಪುವ ಜಾಗ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಎಂದು ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕ ತಿದ್ದುಪಡಿ ತಂದದ್ದು 1994ರಲ್ಲಿ. ಅದಕ್ಕೆ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಆ ತಿದ್ದುಪಡಿಯಲ್ಲಿ ಪಾಲಿರಲಿಲ್ಲ. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಆ ಭೇದ ಮಾಡಲಿಲ್ಲ. ಅದು ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಲೇಬೇಕು ಎಂದಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು 2020ರಲ್ಲಿ. 1990ರಲ್ಲಿ ಮದುವೆಯಾದವಳ ಕಥೆ 1998ರಲ್ಲಿ ನಡೆಯುತ್ತದೋ 2021ರಲ್ಲೋ ಎಂಬುದರ ಮೇಲೆ ಅವಳ ಕೈಯಲ್ಲಿ ಏನಿದೆ ಎಂಬುದು ನಿಂತಿದೆ. ಕೈಯಲ್ಲಿ ಏನೂ ಇಲ್ಲದವಳು ಬಿಟ್ಟುಕೊಡುವುದಕ್ಕೂ ಇದ್ದವಳು ಬಿಟ್ಟುಕೊಡುವುದಕ್ಕೂ ಅಜಗಜಾಂತರ.

ಮೊದಲ ಬಗೆಯ ಬರವಣಿಗೆಯಲ್ಲಿ ತಂಗಿ ಕಣ್ಣೀರು ಒರೆಸಿಕೊಳ್ಳುತ್ತ ತೋರಿಸಿದ ಕಡೆ ಸಹಿ ಹಾಕುತ್ತಾಳೆ, ಓದುಗರಿಗೆ ಅಯ್ಯೋ ಅನ್ನಿಸುತ್ತದೆ. ಎರಡನೆಯ ಬಗೆಯಲ್ಲಿ ಅವಳು ಕಾಗದ ಹರಿದು ಅಣ್ಣನ ಮುಖಕ್ಕೆ ಎಸೆದು ಕಾಯಿದೆಯ ಕಲಮುಗಳನ್ನು ಒಪ್ಪಿಸುತ್ತಾಳೆ, ಓದುಗರು ಚಪ್ಪಾಳೆ ತಟ್ಟಿ ಪುಟ ತಿರುಗಿಸಿ ಮರೆಯುತ್ತಾರೆ. ಹರಿದದ್ದು ಬರೀ ಕರಡು, ಇನ್ನೊಂದು ಪ್ರತಿ ಹತ್ತು ನಿಮಿಷದಲ್ಲಿ ಬರುತ್ತದೆ ಎಂಬುದೂ ಲೇಖಕರ ಗಮನಕ್ಕೆ ಬಂದಿರುವುದಿಲ್ಲ.

ಮೂರನೆಯ ಬಗೆಯಲ್ಲಿ ಅವಳು ಕನ್ನಡಕ ಹಾಕಿಕೊಂಡು ಪತ್ರ ಓದುತ್ತಾಳೆ. ಓದಲು ಬಾರದವಳಾದರೆ ಪತ್ರ ಬರೆಯುವವರನ್ನೇ ಓದಿಸುತ್ತಾಳೆ, ಗಟ್ಟಿಯಾಗಿ, ಸುತ್ತಲಿನವರಿಗೆ ಕೇಳುವ ಹಾಗೆ. ಸರ್ವೆ ನಂಬರು ಎರಡಿದೆಯಲ್ಲ ಎನ್ನುತ್ತಾಳೆ. ಅಣ್ಣ ಹೇಳಿದ್ದು ಜಮೀನಿನ ಮಾತು, ಪತ್ರದಲ್ಲಿ ಮನೆಯೂ ಇದೆ. ‘ಅವ್ವ ಎಲ್ಲಿರ್ತಾಳೆ?’ ಎಂದು ಕೇಳುತ್ತಾಳೆ. ‘ನನ್ನ ಹತ್ರ ಇರ್ತಾಳೆ, ಇನ್ನೆಲ್ಲಿಗೆ ಹೋಗ್ತಾಳೆ?’ ಎನ್ನುತ್ತಾನೆ ಅಣ್ಣ. ‘ಹಂಗಾದ್ರೆ ಮನೆ ಇರ್ಲಿ ಅಣ್ಣಾ. ಜಮೀನಿಗೆ ಹಾಕ್ತೀನಿ.’ ಅವನು ಫೋಟೊ, ಹೆಬ್ಬೆಟ್ಟಿಗೆ ಸರದಿ ಬಂತೆಂದು ಅವಸರ ಮಾಡುತ್ತಾನೆ. ಅವಳು ಬೆಂಚಿನಿಂದ ಏಳುವುದಿಲ್ಲ. ಮನೆ ಬಿಟ್ಟು ಬೇರೆ ಪತ್ರ ಬರೆಸಿಕೊಂಡು ಬರುವವರೆಗೂ ಕೂತಿರುತ್ತಾಳೆ. ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುವುದಿಲ್ಲ. ಬೀದಿಯ ಉಳಿದ ಹೆಂಗಸರ ಮನೆಗೆ ಅಣ್ಣತಮ್ಮಂದಿರು ಬರುವುದನ್ನು ಅವಳು ಕಿಟಕಿಯಿಂದ ನೋಡುತ್ತಾಳೆ, ಅವ್ವನಿಗೆ ಫೋನು ಮಾಡಿ ಊಟ ಆಯ್ತಾ ಎಂದು ಕೇಳುತ್ತಾಳೆ.

ಇಲ್ಲಿ ಅವಳು ಸಹಿ ಹಾಕಿದ್ದಾಳೆ, ಗಮನಿಸಿ. ನಾಲ್ಕು ಎಕರೆಯಲ್ಲಿ ತನ್ನ ಪಾಲು ಬಿಟ್ಟುಕೊಟ್ಟಿದ್ದಾಳೆ. ಆದರೂ ಹರಿದೆಸೆದವಳಿಗಿಂತ ಇವಳು ಗಟ್ಟಿ. ತನಗೆ ಏನು ಬೇಕು ಎಂದು ಅವಳಿಗೆ ಗೊತ್ತಿದೆ, ಅದಕ್ಕೆ ಏನು ತೆರಬೇಕೆಂದೂ ಗೊತ್ತಿದೆ, ತೆತ್ತಿದ್ದಾಳೆ. ಅಣ್ಣ ಕೂಡ ರಾಕ್ಷಸನಲ್ಲ. ಬೋರ್‌ವೆಲ್ ಸಾಲ ಅವನ ತಲೆಯ ಮೇಲಿರಬಹುದು. ಅದನ್ನೊಂದು ಸಾಲಿನಲ್ಲಿ ಹೇಳಿಬಿಟ್ಟರೆ ದೃಶ್ಯ ಇನ್ನೂ ಬಿಗಿಯಾಗುತ್ತದೆ.

ಉಳಿದ ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ನಾಯಕಿ ಎಲ್ಲದರಲ್ಲೂ ಮೊದಲಿಗಳು: ಓದಿನಲ್ಲಿ, ಹಾಡಿನಲ್ಲಿ, ಹೋಳಿಗೆಯಲ್ಲಿ, ಕೋರ್ಟಿನಲ್ಲಿ. ಕಲಿಯಲು ಏನೂ ಉಳಿದಿಲ್ಲದವಳಿಗೆ ಕಥೆಯೂ ಉಳಿಯುವುದಿಲ್ಲ. ಅವಳಿಂದ ಒಂದು ದೊಡ್ಡ ತಪ್ಪಾಗಲಿ, ಅದರ ಹೊಣೆಯನ್ನು ಇನ್ನೊಬ್ಬರ ತಲೆಗೆ ಕಟ್ಟದಿರಲಿ. ಅತ್ಯಾಚಾರವನ್ನೋ ಮೋಸವನ್ನೋ ಇಟ್ಟು ಅದರಿಂದಲೇ ಅವಳು ಗಟ್ಟಿಯಾದಳು ಎಂದು ತೋರಿಸುವ ಚಟ ಬಿಡಬೇಕು. ಹಿಂಸೆ ಯಾರಿಗೂ ಶಾಲೆಯಲ್ಲ. ಅದಕ್ಕೆ ಮೊದಲು ಅವಳು ಹೇಗಿದ್ದಳು ಎಂದು ಎರಡು ಅಧ್ಯಾಯವಾದರೂ ತೋರಿಸದೆ ಆ ಘಟನೆಯನ್ನು ಮುಟ್ಟಲೇಬಾರದು. ಪಕ್ಕದ ಪಾತ್ರಗಳ ಬಾಯಲ್ಲಿ ‘ಎಂಥಾ ಗಟ್ಟಿಗಿತ್ತಿ!’ ಎಂಬ ಸರ್ಟಿಫಿಕೇಟು ಬಂದರೆ ಅಳಿಸಿಹಾಕಿ; ದೃಶ್ಯ ಅದನ್ನು ಹೇಳುತ್ತಿದ್ದರೆ ಆ ಮಾತು ಬೇಕಿಲ್ಲ, ಹೇಳದಿದ್ದರೆ ಆ ಮಾತಿನಿಂದ ಉಪಯೋಗವಿಲ್ಲ. ಅತ್ತೆ ನಾದಿನಿಯರನ್ನು ವಿಷದ ಗೊಂಬೆಗಳಾಗಿ ಮಾಡುವುದಂತೂ ಹೆಣ್ಣುಪಾತ್ರಕ್ಕೆ ಮಾಡುವ ದೊಡ್ಡ ಅನ್ಯಾಯ. ಒಂದೇ ಕಾದಂಬರಿಯಲ್ಲಿ ಒಬ್ಬಳನ್ನು ಎತ್ತಲು ನಾಲ್ವರನ್ನು ತುಳಿದಂತಾಗುತ್ತದೆ. ಅತ್ತೆಗೆ ಏನು ಭಯ, ಮಗ ಕೈತಪ್ಪಿದರೆ ಅವಳ ಔಷಧಿಗೆ ಯಾರು ಗತಿ ಎಂದು ಅರ್ಧ ಪುಟ ಯೋಚಿಸಿದರೂ ಸಾಕು.

ಮೆತ್ತಗಿನವರು ಗಟ್ಟಿಗರಲ್ಲ ಎಂಬ ಎಣಿಕೆಯೂ ಬೇಡ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರದು. ಬಾಲವಿಧವೆ, ಯಾರ ಜೊತೆಗೂ ಜಗಳವಿಲ್ಲ, ದನಿ ಎತ್ತಿದವಳಲ್ಲ, ಮಡಿ ಬಿಟ್ಟವಳಲ್ಲ. ಆದರೆ ಮುಂದಿನ ತಲೆಮಾರಿನ ಎಳೆ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಾಗ ಅವಳ ಪರ ನಿಲ್ಲುವವಳು ಈ ಮುದುಕಿ. ಜೀವಮಾನವಿಡೀ ತಾನು ಪಾಲಿಸಿದ್ದನ್ನು ಇನ್ನೊಬ್ಬಳ ಮೇಲೆ ಹೇರಬೇಡಿ ಎನ್ನುವ ಆ ಒಂದು ನಿಲುವಿಗೆ ಹಿಂದಿನ ಇಡೀ ಕಾದಂಬರಿಯ ಮೌನ ಬೆನ್ನು ಕೊಟ್ಟು ನಿಂತಿದೆ. ಸೋಲುವವರ ವಿಷಯವೂ ಅಷ್ಟೆ. ತ್ರಿವೇಣಿಯವರದೇ ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮನೋರೋಗಕ್ಕೆ ತುತ್ತಾಗಿ, ಗುಣಮುಖಳಾಗಿ ಮನೆಗೆ ಬರುತ್ತಾಳೆ. ಗಂಡನೂ ನೆರೆಹೊರೆಯೂ ಅವಳನ್ನು ಗುಣವಾದವಳೆಂದು ಒಪ್ಪುವುದೇ ಇಲ್ಲ. ಕೊನೆಗೆ ಅವಳು ಗೆಲ್ಲುವುದಿಲ್ಲ. ಆದರೂ ಅವಳು ಗಟ್ಟಿ ಪಾತ್ರ, ಯಾಕೆಂದರೆ ತಾನು ಮೊದಲಿನಂತೆ ಆಗಿದ್ದೇನೆ ಎಂದು ತೋರಿಸಲು ಅವಳು ಮತ್ತೆ ಮತ್ತೆ ಪ್ರಯತ್ನಪಡುತ್ತಾಳೆ. ಆ ಪ್ರಯತ್ನವೇ ಕಥೆಯಾಗಿದೆ.

ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟೆ. ಮುಂದಿನ ಸಲ ಹಸ್ತಪ್ರತಿ ಕರೆಯುವಾಗ ‘ಗಟ್ಟಿ ಹೆಣ್ಣುಪಾತ್ರ’ ಎಂಬ ಸಾಲನ್ನು ತೆಗೆದು, ಕಾದಂಬರಿಯ ಜೊತೆ ಒಂದು ಪುಟದ ಟಿಪ್ಪಣಿ ಕೇಳಿ. ನಾಯಕಿಗೆ ಮೊದಲ ಅಧ್ಯಾಯದಲ್ಲಿ ಏನು ಬೇಕಾಗಿದೆ, ಅವಳ ಕೈಗೆ ಹಣ ಎಲ್ಲಿಂದ ಬರುತ್ತದೆ, ಕಥೆ ನಡೆಯುವ ವರ್ಷ ಯಾವುದು, ಅವಳು ತೆಗೆದುಕೊಳ್ಳುವ ಎರಡು ತೀರ್ಮಾನಗಳು ಯಾವ ಕಂತಿನಲ್ಲಿ ಬರುತ್ತವೆ, ಪ್ರತಿಯೊಂದಕ್ಕೂ ಅವಳು ಏನನ್ನು ಕಳೆದುಕೊಳ್ಳುತ್ತಾಳೆ. ಈ ಐದಕ್ಕೆ ಉತ್ತರ ಬರೆಯಲು ಕೂತಾಗಲೇ ಬಹಳ ಲೇಖಕರು ಹಸ್ತಪ್ರತಿಯನ್ನು ಮತ್ತೊಮ್ಮೆ ತಿದ್ದುತ್ತಾರೆ. ಆಯ್ಕೆ ಸಮಿತಿಯವರ ಕೈಗೆ ಮೊದಲು ಆ ಪುಟ ಹೋಗಲಿ, ಹಸ್ತಪ್ರತಿ ಆಮೇಲೆ.

ಇಂತಿ ತಮ್ಮ ವಿಶ್ವಾಸಿಗಳು,
ಹಸ್ತಪ್ರತಿ ತಿದ್ದುವ ಕೆಲವರು, ಮೈಸೂರು